ಗಾಳಿಗೆ ನಲವತ್ತು ಡಿಗ್ರಿ

ಆ ದಿನ ಬೆಳಿಗ್ಗೆ ಗಾಳಿಯೇ ಇರಲಿಲ್ಲ. ಮೂರು ದಿನ ಬಿಡದೆ ಕಿಟಕಿಗಳ ಚಿಲಕ ಅಲ್ಲಾಡಿಸಿದ್ದ ಗಾಳಿ ನಸುಕಿನಲ್ಲಿ ಹೇಳದೆ ಕೇಳದೆ ಎದ್ದುಹೋಗಿತ್ತು. ಕಡಲು ಮುಚ್ಚಳ ಹಾಕಿಟ್ಟ ಪಾತ್ರೆಯ ಹಾಗೆ ಸುಮ್ಮನಿತ್ತು. ಬಂದರು ಕಚೇರಿಯ ಮೇಲಿನ ಬಾವುಟ, ಯಾರೋ ಹಿಂಡಿ ಹರವಲು ಮರೆತ ಬಟ್ಟೆಯಂತೆ ಕಂಬಕ್ಕೆ ಅಂಟಿಕೊಂಡಿತ್ತು. ಹಾಯಿ ಹೊಲಿಯುವವನು ಮಾಳಿಗೆಯ ಕಿಟಕಿಯಲ್ಲಿ ನಿಂತು ಆ ಬಾವುಟವನ್ನು ನೋಡಿದ. ಪ್ರತಿ ಬೆಳಿಗ್ಗೆ ಅದನ್ನು ನೋಡಿಯೇ ಅವನು ಕೆಲಸಕ್ಕೆ ಕೈ ಹಚ್ಚುತ್ತಿದ್ದದ್ದು. ಗಾಳಿ ಎಲ್ಲಿಂದ, ಎಷ್ಟು ಎಂದು ತಿಳಿದುಕೊಂಡು ಅವನಿಗೆ ಆಗಬೇಕಾದದ್ದು ಏನೂ ಇರಲಿಲ್ಲ. ಅವನ ಕೆಲಸ ನಾಲ್ಕು ಗೋಡೆಯ ಒಳಗಿನದು. ಆದರೂ ಅದೊಂದು ಬಗೆಯ ಪ್ರಾರ್ಥನೆಯಾಗಿತ್ತು. ಕಣ್ಣಿಗೆ ಕಾಣದ್ದು ಒಂದು ಇದೆ, ಈಗ ಇಂಥ ಕಡೆಯಿಂದ ಬರುತ್ತಿದೆ, ಅದರ ಎದುರು ನಾನು ಇಷ್ಟೇ ಎತ್ತರ ಎಂದು ದಿನಕ್ಕೊಮ್ಮೆ ಒಪ್ಪಿಕೊಳ್ಳುವುದು. ಇವತ್ತು ಒಪ್ಪಿಕೊಳ್ಳೋಣವೆಂದರೆ ಎದುರಿಗೆ ಯಾರೂ ಇರಲಿಲ್ಲ. ಹನ್ನೊಂದು ಗಂಟೆಗೆ ಅವನು ಆ ಬಾವುಟದ ಕೆಳಗಿನ ಕೋಣೆಯಲ್ಲಿ ಬಂದರು ಅಧಿಕಾರಿಯ ಮುಂದೆ ಕೂತು ಒಂದು ಪ್ರಶ್ನೆಗೆ ಉತ್ತರ ಹೇಳಬೇಕಾಗಿತ್ತು: ಲೆಕ್ಕದ ಮೇಷ್ಟರ ಹಾಯಿದೋಣಿ ಗಾಳಿಗೆ ಎಷ್ಟು ಹತ್ತಿರ ಹಿಡಿದು ಹೋಗಬಲ್ಲದು?

ಊರು ಅವನನ್ನು ಎದುರಿಗೆ ದಬ್ಬಳಣ್ಣ ಎನ್ನುತ್ತಿತ್ತು, ಹಿಂದಿನಿಂದ ಬರೀ ದಬ್ಬಳ. ತೆಳ್ಳಗೆ ಉದ್ದಕ್ಕೆ ಇದ್ದು ಕುತ್ತಿಗೆಯ ಹತ್ತಿರ ಸ್ವಲ್ಪ ಬಾಗಿದ್ದ ಅವನನ್ನು ನೋಡಿದರೆ ಹೆಸರಿಟ್ಟವರನ್ನು ದೂರುವಂತಿರಲಿಲ್ಲ. ಅಪ್ಪನ ಕಾಲದ ಮಾಳಿಗೆ ಅದು: ಈ ತುದಿಯಿಂದ ಆ ತುದಿಗೆ ಮೂವತ್ತು ಹೆಜ್ಜೆ, ನಡುವೆ ಒಂದು ಕಂಬವಿಲ್ಲ, ಹಲಗೆಯ ನೆಲವನ್ನು ಮೇಣ ತಿಕ್ಕಿ ತಿಕ್ಕಿ ಕನ್ನಡಿ ಮಾಡಿದ್ದರು. ಹೊಲಿಗೆಯ ಯಂತ್ರ ನೆಲದ ಮೇಲಿರಲಿಲ್ಲ. ನೆಲವನ್ನೇ ಸೊಂಟದ ಆಳಕ್ಕೆ ಕತ್ತರಿಸಿ ಆ ಗುಂಡಿಯೊಳಗೆ ಇಳಿಸಿದ್ದರು, ಅಷ್ಟು ದೊಡ್ಡ ಬಟ್ಟೆ ನೆಲದ ಮಟ್ಟದಲ್ಲೇ ಜಾರಿ ಸೂಜಿಯ ಕೆಳಗೆ ಹೋಗಲಿ ಎಂದು. ಆ ಗುಂಡಿಯಲ್ಲಿ ಅವನ ಹೆಂಡತಿ ಕೂರುತ್ತಿದ್ದಳು. ಮೆಟ್ಟಿಲು ಹತ್ತಿ ಬಂದವರಿಗೆ ನೆಲದಿಂದ ಹೆಂಗಸಿನ ಅರ್ಧ ಮೈ ಮೊಳೆತ ಹಾಗೆ ಕಾಣುತ್ತಿತ್ತು. ಇಪ್ಪತ್ತೊಂಬತ್ತು ವರ್ಷ ಅಲ್ಲೇ ಕೂತು ಅವಳು ಗಂಡನನ್ನು ಕೆಳಗಿನಿಂದ ನೋಡಿದ್ದಳು. ಹಾಗೆ ನೋಡುವವರಿಗೆ ಮನುಷ್ಯ ಬಚ್ಚಿಟ್ಟದ್ದು ಬೇಗ ಕಾಣುತ್ತದೆಯೋ ಏನೋ.

"ಬೆಳಿಗ್ಗೆಯಿಂದ ಸೂಜಿಗೆ ದಾರ ಪೋಣಿಸ್ತಾನೇ ಇದ್ದೀರಿ," ಎಂದಳು. "ಹೊಲಿಗೆ ಮಾತ್ರ ಎಲ್ಲೂ ಕಾಣ್ತಿಲ್ಲ."

ಕಣ್ಣು ಮಂಜಾಗಿದೆ ಎಂದ ಅವನು. ಮಂಜಾಗಿರೋದು ಕಣ್ಣಲ್ಲ ಎಂದು ಅವಳು ಯಂತ್ರ ತುಳಿದಳು; ಆ ಸದ್ದು ನಿಂತ ಮೇಲೆ, ತಲೆಯೆತ್ತದೆ, ನಿನ್ನೆ ಆಸ್ಪತ್ರೆಯಲ್ಲಿ ಕೇಳಿಬಂದ ಸುದ್ದಿ ಹೇಳಿದಳು. ಮಗಳು ಏಳು ತಿಂಗಳ ಬಸುರಿ. ತೋರಿಸಿಕೊಂಡು ಬರಲು ತಾಯಿ ಮಗಳು ಹೋಗಿದ್ದರು. ಹೆರಿಗೆ ವಾರ್ಡಿನ ಸಿಸ್ಟರಮ್ಮ ಈಗ ಹೆರಿಗೆ ಕೋಣೆಗೇ ಹೋಗುವುದಿಲ್ಲವಂತೆ. ತಾನಾಗಿಯೇ ಕೇಳಿಕೊಂಡು ಕೆಳಗಿನ ಉಗ್ರಾಣಕ್ಕೆ ಇಳಿದಿದ್ದಾರಂತೆ. ಹೊದಿಕೆಗಳನ್ನು ಮಡಚಿ ಕಪಾಟಿನಲ್ಲಿ ಇಡುವುದು, ಮಾಸಿದ್ದನ್ನು ಒಗೆಯಲು ಕಳಿಸುವುದು, ಅಷ್ಟೇ ಕೆಲಸ. ಇಪ್ಪತ್ತು ವರ್ಷ ಮಕ್ಕಳನ್ನು ಹೊರಗೆ ತಂದ ಕೈ. ಊರಲ್ಲಿ ಅರ್ಧಕ್ಕರ್ಧ ಹುಡುಗರ ತಲೆ ಮೊದಲು ತಾಗಿದ್ದು ಆ ಅಂಗೈಗೆ. ಅವರ ಕೈಗುಣ ಅಂಥದ್ದು ಎಂದು ದೂರದಿಂದ ಬಸುರಿಯರು ಬರುತ್ತಿದ್ದರು. "ಇವಳು ಹೋಗಿ ಕೇಳಿದಳು, ನನ್ನದಕ್ಕಾದ್ರೂ ಬನ್ನಿ ಸಿಸ್ಟರಮ್ಮ ಅಂತ," ಎಂದಳು ಹೆಂಡತಿ. "ಅವರು ಮಡಚ್ತಾ ಇದ್ದ ಹೊದಿಕೆ ಹಾಗೇ ಹಿಡ್ಕೊಂಡು ಅಂದ್ರು, ನನ್ನ ಕೈನ ನಂಬಬೇಡ ಕಂದಾ, ನಾನೇ ನಂಬಲ್ಲ, ಅಂತ."

ಮೇಷ್ಟರು ಮೊದಲ ಸಲ ಈ ಮಾಳಿಗೆ ಹತ್ತಿದ್ದು ಚಪ್ಪಲಿ ಹಾಕಿಕೊಂಡೇ. ಹಿಂದೆ ಬರುತ್ತಿದ್ದ ಸಿಸ್ಟರಮ್ಮ ಬಾಗಿಲಲ್ಲೇ ನಿಂತು, ಒಳಗೆ ಎಲ್ಲರೂ ಬರಿಗಾಲಲ್ಲಿರುವುದನ್ನು ನೋಡಿ, ಗಂಡನ ತೋಳು ಹಿಡಿದು ಎಳೆದಿದ್ದರು. ಅವರು ನಾಚಿ ಇಳಿದು ಹೋಗಿ ಬಿಟ್ಟು ಬಂದಿದ್ದರು. ಒಳ್ಳೆಯ ಮನುಷ್ಯ. ಕೆಟ್ಟವರಾಗಿದ್ದಿದ್ದರೆ ಎಷ್ಟು ಹಗುರವಿತ್ತು ಎಂದು ಈ ಎರಡು ತಿಂಗಳಲ್ಲಿ ಅವನಿಗೆ ಎಷ್ಟು ಸಲ ಅನಿಸಿದೆಯೋ. ನಿವೃತ್ತಿಗೆ ಎರಡು ವರ್ಷವಿರುವಾಗ ಒಂದು ಹಳೆಯ ದೋಣಿ ತೆಗೆದುಕೊಂಡಿದ್ದರು. ಪಂದ್ಯಕ್ಕೆ ಓಡುವ ಚೂಪು ದೋಣಿಯಲ್ಲ. ಒಳಗೆ ಎರಡು ಮಂಚ, ಒಂದು ಒಲೆ ಇದ್ದು ಸಂಸಾರ ಕಟ್ಟಿಕೊಂಡು ನಿಧಾನ ಊರೂರು ಸುತ್ತುವ, ತಳ ಅಗಲದ ದೋಣಿ. ಅದಕ್ಕೆ ಹೊಸ ಹಾಯಿ ಬೇಕಿತ್ತು. ಕೈಯಲ್ಲಿ ಯಾವುದೋ ಕಾರ್ಖಾನೆಯವರು ಅಚ್ಚು ಹಾಕಿಸಿದ ಪುಸ್ತಿಕೆ. ಅವರ ಹಾಯಿ ಕಟ್ಟಿದರೆ ದೋಣಿ ಗಾಳಿಗೆ ಇಷ್ಟೇ ಡಿಗ್ರಿ ಓರೆಯಲ್ಲಿ ಹೋಗುತ್ತದೆ ಎಂದು ಅದರಲ್ಲಿ ಪಟ್ಟಿ ಇತ್ತು. ಗಾಳಿ ಬರುವ ಕಡೆಗೇ ನೇರವಾಗಿ ಯಾವ ಹಾಯಿದೋಣಿಯೂ ಹೋಗದು. ಕಡಿದಾದ ಗುಡ್ಡಕ್ಕೆ ಗಾಡಿ ಸುತ್ತಿ ಸುತ್ತಿ ಹತ್ತುವ ಹಾಗೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗಿ ಹತ್ತಬೇಕು. ಆ ಓರೆ ಎಷ್ಟು ಕಡಿಮೆಯೋ ದಾರಿ ಅಷ್ಟು ಹತ್ತಿರ. ಇದು ಕಡಲಿಗೆ ಹೋಗುವ ಯಾರಿಗೂ ಗೊತ್ತು. ಆದರೆ ಮೇಷ್ಟರು ಕೇಳಿದ್ದು ಅಂಕಿ.

"ನಿಮ್ಮ ಹಾಯಿ ಎಷ್ಟು ಡಿಗ್ರಿ ದಬ್ಬಳಣ್ಣ?"

ಅವನು ಅಳೆದೇ ಇರಲಿಲ್ಲ. ಅಪ್ಪ ಅಳೆದಿರಲಿಲ್ಲ, ಅಜ್ಜನೂ ಇಲ್ಲ. ಚುಕ್ಕಾಣಿ ಹಿಡಿದವನ ಕೆನ್ನೆಗೆ ಗಾಳಿ ಎಲ್ಲಿ ತಾಗುತ್ತದೆ ಎಂಬುದರ ಮೇಲೆ ಅವರ ಲೆಕ್ಕ. ಕಿವಿಯ ಮುಂದೆ ತಣ್ಣಗಾದರೆ ಸರಿ, ಮೂಗಿನ ಪಕ್ಕ ತಣ್ಣಗಾದರೆ ಅತಿಯಾಯಿತು. ಅದನ್ನೇ ಹೇಳಿದ. ಆ ಹೊತ್ತಿಗೆ ಮಾಳಿಗೆಯಲ್ಲಿ ಹರಿದ ಹಾಯಿ ತಂದಿದ್ದ ಇಬ್ಬರು ದೋಣಿಯವರೂ ಕೂತಿದ್ದರು. ಮೇಷ್ಟರು ತಪ್ಪು ಲೆಕ್ಕ ಮಾಡಿದ ಒಳ್ಳೆಯ ಹುಡುಗನನ್ನು ನೋಡುವಂತೆ ನಕ್ಕು, "ಕೆನ್ನೆಗೆ ಡಿಗ್ರಿ ಇರೋಲ್ವಲ್ಲ ದಬ್ಬಳಣ್ಣ," ಎಂದರು. ದೋಣಿಯವರೂ ನಕ್ಕರು. ಒಬ್ಬ ತನ್ನ ಕೆನ್ನೆ ತಟ್ಟಿಕೊಂಡು, ನನ್ನದು ತೊಂಬತ್ತು ಇರಬೇಕು ಎಂದ. ದಬ್ಬಳಣ್ಣನೂ ನಕ್ಕ. ನಗಬೇಕಾಗಿತ್ತು. ಅವನ ಬೆನ್ನ ಹಿಂದೆ ಗುಂಡಿಯಲ್ಲಿ ಯಂತ್ರದ ಸದ್ದು ನಿಂತಿತ್ತು. ಹೆಂಡತಿ ನಗುತ್ತಿದ್ದಾಳೋ ಇಲ್ಲವೋ ತಿರುಗಿ ನೋಡುವ ಧೈರ್ಯವಾಗಲಿಲ್ಲ. ಅಷ್ಟೇ ನಡೆದದ್ದು. ಇಷ್ಟು ಚಿಕ್ಕದರಿಂದ ಅಷ್ಟು ದೊಡ್ಡದು ಹೇಗೆ ಆಯಿತು ಎಂದು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡ. ದೇವರ ಮುಂದೆ ಕಣ್ಣು ಮುಚ್ಚಿ ಕೂತಾಗಲೂ ಅವನು ಹುಡುಕುತ್ತಿದ್ದದ್ದು ಇನ್ನಷ್ಟು ದೊಡ್ಡದಾದ ಒಂದು ಕಾರಣವನ್ನು. ಸಿಕ್ಕಿರಲಿಲ್ಲ. ಆ ನಗುವೇ ಸಿಗುತ್ತಿತ್ತು, ಪ್ರತಿಸಲವೂ.

"ಶರ್ಟು ಬದಲಿಸಿ," ಎಂದಳು ಹೆಂಡತಿ. "ಆ ಕಾಲರಿನಲ್ಲಿ ಮೇಣ ಮೆತ್ತಿದೆ." ಅವನು ಬದಲಿಸಿದ. ಗುಂಡಿಗಳನ್ನು ಹಾಕಿ ಮುಗಿಸಿದ ಮೇಲೆ ಒಂದು ಗುಂಡಿ ಮೇಲೆ ಉಳಿದು ಒಂದು ತೂತು ಕೆಳಗೆ ಉಳಿಯಿತು. ಮತ್ತೆ ಬಿಚ್ಚಿ ಹಾಕಿಕೊಂಡ. ಬಾಗಿಲು ದಾಟುವಾಗ ಅವಳು, "ಏನು ಹೇಳ್ತೀರಿ ಅಲ್ಲಿ?" ಎಂದು ಕೇಳಿದಳು. ಕೇಳಿದ್ದನ್ನು ಹೇಳುತ್ತೇನೆ ಎಂದ. "ಕೇಳದೇ ಇದ್ದದ್ದು?" ಎಂದು ಅವಳು ಹಿಂದಿನಿಂದ ಅಂದದ್ದು ಕಿವಿಗೆ ಬಿದ್ದರೂ ಮೆಟ್ಟಿಲು ಇಳಿಯುತ್ತಲೇ ಹೋದ.

ರಸ್ತೆ ಒದ್ದೆಯಾಗಿತ್ತು. ಬ್ರೆಡ್ಡಿನ ಅಂಗಡಿಯ ಮುಂದೆ ನಾಲ್ಕು ಜನ ಸಾಲು ನಿಂತಿದ್ದರು. ಅದರಲ್ಲೊಬ್ಬ, ಇವತ್ತಲ್ವಾ ಮೇಷ್ಟರ ವಿಚಾರಣೆ ಎಂದ. ಹೌದು ಎಂದು ನಡೆದ. ನಿಮಗೇನಣ್ಣ, ಹಾಯಿ ಒಂದು ಎಳೆಯೂ ಬಿಟ್ಟಿರಲಿಲ್ಲವಂತಲ್ಲ, ದೋಣಿ ಚೂರಾದರೂ ಹಾಯಿ ಹಾಗೇ ಸಿಕ್ಕಿತಂತೆ ಎಂದು ಇನ್ನೊಬ್ಬ ಬೆನ್ನಿಗೆ ಹೇಳಿದ. ಅದು ಹೊಗಳಿಕೆ. ಎರಡು ತಿಂಗಳಿಂದ ಅವನು ಈ ಹೊಗಳಿಕೆ ಕೇಳುತ್ತಿದ್ದ. ಬಂಡೆಯ ಮೇಲೆ ಮುರಿದು ಬಿದ್ದ ಹಾಯಿಕಂಬಕ್ಕೆ ಅವನ ಹಾಯಿ ಸುತ್ತಿಕೊಂಡಿತ್ತು, ಹೊಲಿಗೆ ಎಲ್ಲೂ ಬಿಚ್ಚದೆ. ಅದನ್ನು ನೋಡಿ ಬಂದವರು ತಮಗೂ ಹೊಸ ಹಾಯಿ ಹೊಲಿಯಲು ಹೇಳಿದರು. ಅವನು ಒಪ್ಪಿಕೊಂಡ. ಮೊದಲನೆಯದನ್ನು ಕತ್ತರಿಸಲು ನೆಲದ ಮೇಲೆ ಹರಡಿದ ದಿನ ಕತ್ತರಿ ಹಿಡಿದ ಕೈ ಒಂದು ಗಳಿಗೆ ಅಲ್ಲಾಡಲಿಲ್ಲ. ಆಮೇಲೆ ಅಲ್ಲಾಡಿತು, ಕತ್ತರಿಸಿತು. ಕೈಗೆ ನಾಚಿಕೆ ಬೇಗ ಮರೆಯುತ್ತದೆ. ಎಲ್ಲರ ಕೈಯೂ ಹಾಗಲ್ಲ.

ಮೇಷ್ಟರ ದೋಣಿಗೆ ಹೊಸ ಹಾಯಿ ಕಟ್ಟಿ ಪರೀಕ್ಷೆ ಮಾಡಲು ಅವನೇ ದಿನ ಗೊತ್ತುಮಾಡಿದ್ದ, ಹೊತ್ತನ್ನೂ ಅವನೇ. ಬೆಳಿಗ್ಗೆ ಏಳಕ್ಕೆ ಬನ್ನಿ, ಗಾಳಿ ಹದವಾಗಿರುತ್ತೆ ಎಂದಿದ್ದ. ಗಾಳಿಗೂ ಏಳು ಗಂಟೆಗೂ ಸಂಬಂಧವಿರಲಿಲ್ಲ. ಸಂಬಂಧವಿದ್ದದ್ದು ನೀರಿಗೆ. ಆ ದಿನ ನಾಲ್ಕಕ್ಕೆ ಉಬ್ಬರ ಮುಗಿದು ಏಳರ ಹೊತ್ತಿಗೆ ಇಳಿತದ ನೀರು ಒಳಕಡಲಿನಿಂದ ಹೊರಕ್ಕೆ ಜೋರಾಗಿ ಓಡುತ್ತದೆ; ಬೆಳಗಿನ ಗಾಳಿ ಹೊರಗಿನಿಂದ ಒಳಕ್ಕೆ ಬರುತ್ತದೆ. ಗಾಳಿ ಎಲ್ಲಿಂದ ಬರುತ್ತದೆಯೋ ನೀರು ಅಲ್ಲಿಗೇ ಹೋಗುತ್ತದೆ. ಅಂಥ ಹೊತ್ತಿನಲ್ಲಿ ಹರಿದ ಹೊದಿಕೆ ಕಟ್ಟಿದರೂ ದೋಣಿಯನ್ನು ನೀರೇ ಹೊತ್ತು ಗಾಳಿಯ ಕಡೆಗೆ ಕೊಂಡೊಯ್ಯುತ್ತದೆ. ನೀರಿನ ಮೇಲೆ ಕೂತವರಿಗೆ ಅದು ಗೊತ್ತಾಗುವುದಿಲ್ಲ. ನೀರಿನ ಜೊತೆ ತಾವೂ ಹೋಗುತ್ತಿರುತ್ತಾರೆ. ಕಡಲ ತಳಕ್ಕೆ ನೆಟ್ಟ ಗೂಟವನ್ನು ಹಿಂದಕ್ಕೆ ನೋಡಿ ದಿಕ್ಸೂಚಿಯಲ್ಲಿ ಕೋನ ಹಿಡಿದರೆ ಹಾಯಿಯ ಕೆಲಸವೂ ನೀರಿನ ಕೆಲಸವೂ ಸೇರಿ ಒಂದೇ ಅಂಕಿಯಾಗಿ ಬರುತ್ತದೆ. ಅವನು ಗೂಟವನ್ನೇ ನೋಡಿ ಹಿಡಿದ. ನಲವತ್ತೆರಡು ಬಂತು. ನಲವತ್ತು ಎಂದು ಹೇಳಿದ. ಅಷ್ಟು ದೊಡ್ಡ ಸುಳ್ಳಿನ ಮೇಲೆ ಆ ಎರಡು ಡಿಗ್ರಿಯನ್ನೂ ಏಕೆ ಕಡಿಮೆ ಮಾಡಿದೆ ಎಂದು ಈಗ ನಾಚಿಕೆಯಾಗುವುದು ವಿಚಿತ್ರ. ಕಳ್ಳ ಹೊರಡುವಾಗ ಬಾಗಿಲ ಬಳಿಯ ಚಮಚವನ್ನೂ ಜೇಬಿಗೆ ಹಾಕಿಕೊಂಡ ಹಾಗೆ.

ಮೇಷ್ಟರು ಮಗುವಿನ ಹಾಗೆ ಕುಣಿದಿದ್ದರು. ಕಾರ್ಖಾನೆಯವರ ಪುಸ್ತಿಕೆಗಿಂತ ಮೂರು ಡಿಗ್ರಿ ಕಡಿಮೆ, ದಬ್ಬಳಣ್ಣ ಕ್ಷಮಿಸಿ, ನಿಮ್ಮ ಕೆನ್ನೆಗೆ ಡಿಗ್ರಿ ಇದೆ ಎಂದು ಕೈ ಕುಲುಕಿದ್ದರು. ಚುಕ್ಕಾಣಿ ಆಗಲೂ ಸಿಸ್ಟರಮ್ಮನ ಕೈಯಲ್ಲಿತ್ತು. ಅವರು ಅದನ್ನು ಹಿಡಿದ ರೀತಿಯನ್ನು ಅವನು ನೋಡಿದ್ದ: ಬಿಗಿಯಿಲ್ಲ, ಎರಡು ಬೆರಳು ಮತ್ತು ಅಂಗೈಯ ಅಂಚು, ಒಳಗಿನಿಂದ ಏನಾದರೂ ಹೇಳಿದರೆ ಕೇಳಿಸಬೇಕು ಎಂಬಂತೆ. ಅಂಥ ಕೈಯನ್ನು ಅವನು ತನ್ನ ಅಪ್ಪನ ನಂತರ ಕಂಡಿರಲಿಲ್ಲ. ಅವರು ನೀರನ್ನೇ ಸ್ವಲ್ಪ ಹೊತ್ತು ನೋಡುತ್ತಿದ್ದು, ಮೆಲ್ಲಗೆ, ತಪ್ಪು ಕೇಳುತ್ತಿದ್ದೇನೋ ಎಂಬ ಹಾಗೆ ಕೇಳಿದರು, ನೀರು ನಮ್ಮನ್ನ ಎತ್ಕೊಂಡು ಹೋಗ್ತಾ ಇದೆ ಅನ್ಸುತ್ತಲ್ವಾ ಅಣ್ಣಾ? ಆಗ ಒಂದು ಮಾತು ಸಾಕಿತ್ತು. ಹೌದು ತಾಯಿ ಎಂದರೆ ಸಾಕಿತ್ತು. ಅವನು ನಕ್ಕ. ಮಾಳಿಗೆಯಲ್ಲಿ ತನ್ನ ಕಡೆಗೆ ಬಂದಿದ್ದ ನಗುವನ್ನೇ, ಅಷ್ಟೇ ಕರುಣೆಯಿಂದ, ಅವರ ಕಡೆಗೆ ಕಳಿಸಿದ. "ನೀರಿಗೂ ಹಾಯಿಗೂ ಏನು ಸಂಬಂಧ ಸಿಸ್ಟರಮ್ಮ? ನಿಮಗೆ ಹೆರಿಗೆ ಗೊತ್ತು, ನಮಗೆ ಇದು." ಮೇಷ್ಟರೂ ನಕ್ಕರು. ಸಿಸ್ಟರಮ್ಮ ಕೆಂಪಾಗಿ, ಸರಿ ಸರಿ ಎಂದು ಮುಂದೆ ನೋಡತೊಡಗಿದರು.

ಬಂದರು ಕಚೇರಿಯ ಮೊಗಸಾಲೆಯಲ್ಲಿ ಫಿನಾಯಿಲ್ ವಾಸನೆ. ಬೆಂಚಿನ ಆ ತುದಿಯಲ್ಲಿ ಸಿಸ್ಟರಮ್ಮ ಕೂತಿದ್ದರು, ಎರಡೂ ಕೈಗಳನ್ನು ಕೋಟಿನ ಜೇಬಿನೊಳಗೆ ಇಟ್ಟುಕೊಂಡು. ಎದ್ದು, ಬನ್ನಿ ಅಣ್ಣ ಎಂದರು. ಮಗಳು ಹೇಗಿದ್ದಾಳೆ, ಕಾಲು ಊದುತ್ತಿದೆಯಂತಲ್ಲ, ಉಪ್ಪು ಕಡಿಮೆ ಮಾಡಿ ಎಂದರು. ಅವನು ತಲೆಯಾಡಿಸಿ ಬೆಂಚಿನ ಈ ತುದಿಯಲ್ಲಿ ಕೂತ. ನಡುವೆ ಮೂರು ಜನ ಕೂರುವಷ್ಟು ಜಾಗ. ಗೋಡೆಗೆ ತೂಗುಹಾಕಿದ್ದ ಕರಾವಳಿಯ ನಕ್ಷೆಯಲ್ಲಿ, ಕಡಲೊಳಗೆ ಚಾಚಿಕೊಂಡ, ಎಲ್ಲರೂ ಮೂಗು ಎಂದು ಕರೆಯುವ ಬಂಡೆಸಾಲಿನ ಹತ್ತಿರ ಯಾರೋ ಗುಂಡುಪಿನ್ನು ಚುಚ್ಚಿದ್ದರು. ಹತ್ತು ದಿನದ ತಿರುಗಾಟ ಮುಗಿಸಿ ಬರುವಾಗ ಗಾಳಿ ಎದುರಾಗಿತ್ತು. ಎಂಜಿನ್ನಿಗೆ ಯಾರದೋ ಹಳೆ ಬಲೆ ಸಿಕ್ಕಿ ಹಿಂದಿನ ದಿನವೇ ಕೆಟ್ಟಿತ್ತು. ಹಾಯಿಯಲ್ಲೇ ಬರಬೇಕು. ತಿರುಗಿಸದೆ ಒಂದೇ ಓರೆಯಲ್ಲಿ ಬಂದರೆ ಮೂಗಿನ ಹೊರಗೆ ಹಾದು ಕತ್ತಲಾಗುವ ಮೊದಲು ಮನೆ. ಇಲ್ಲವಾದರೆ ಕಡಲ ಕಡೆಗೆ ತಿರುಗಿಸಿ ಸುತ್ತಿಕೊಂಡು ಮೂರು ಗಂಟೆ ಹೆಚ್ಚಿಗೆ. ಮೇಷ್ಟರು ನಕ್ಷೆಯ ಮೇಲೆ ನಲವತ್ತು ಡಿಗ್ರಿಯ ಗೆರೆ ಎಳೆದಿದ್ದರು. ಗೆರೆ ಮೂಗಿನ ಹೊರಗೆ ಸಲೀಸಾಗಿ ಹಾದಿತ್ತು. ದೋಣಿ ಹಾಯಲಿಲ್ಲ. ಬಂಡೆ ತಾಗುವ ಮೊದಲು ಲಂಗರು ಬಿಡಲೆಂದು ಮೇಷ್ಟರು ಮುಂದಕ್ಕೆ ಓಡಿದ್ದರು. ಅಲ್ಲಿಂದ ಅವರನ್ನು ಅಲೆ ಎತ್ತಿಕೊಂಡಿತು. ಸಿಸ್ಟರಮ್ಮನನ್ನು ಬಂಡೆಯ ಮೇಲೆ ಬಿಟ್ಟಿತು. ಊರು ಇದನ್ನು ಒಂದೇ ಸಾಲಿನಲ್ಲಿ ಮುಗಿಸಿತ್ತು: ಮೇಷ್ಟರ ಲೆಕ್ಕ ಸರಿ ಇತ್ತು, ಹೆಂಗಸಿನ ಕೈ ನಿಲ್ಲಲಿಲ್ಲ.

ಇಬ್ಬರನ್ನೂ ಒಳಗೆ ಕರೆದರು. ಸಿಸ್ಟರಮ್ಮ ಬಾಗಿಲಿನ ಹತ್ತಿರ ಗೋಡೆಯ ಬದಿಯ ಕುರ್ಚಿಯಲ್ಲಿ ಕೂತರು. ಅಧಿಕಾರಿಗೆ ನೆಗಡಿಯಾಗಿತ್ತು; ಕರವಸ್ತ್ರವನ್ನು ಮೇಜಿನ ಖಾನೆಯಲ್ಲಿಟ್ಟುಕೊಂಡು ಪ್ರತಿಸಲ ಖಾನೆ ತೆರೆದು ಮೂಗು ಒರೆಸಿ ಮತ್ತೆ ಮುಚ್ಚುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಸಿಸ್ಟರಮ್ಮ ತಾವಾಗಿಯೇ ಒಂದು ಹೇಳಿಕೆ ಬರೆದು ಸಹಿ ಮಾಡಿ ಈಗಷ್ಟೇ ಕೊಟ್ಟಿದ್ದಾರೆ, ಅದನ್ನು ಕಡತಕ್ಕೆ ಸೇರಿಸಿದ್ದೇನೆ, ನಿಮ್ಮ ಮಾತೊಂದು ಆದರೆ ಮುಗಿಯಿತು ಎಂದರು. ಆ ಹೇಳಿಕೆಯನ್ನು ಓದಿ ಹೇಳಿದರು. ಚುಕ್ಕಾಣಿ ನನ್ನ ಕೈಯಲ್ಲಿತ್ತು. ದೋಣಿಯನ್ನು ಹಿಡಿಯಬೇಕಾದ ಕೋನಕ್ಕೆ ಹಿಡಿಯಲು ನನಗೆ ಆಗಲಿಲ್ಲ. ನನ್ನ ಗಂಡನ ಸಾವಿಗೆ ನನ್ನ ಕೈಯೇ ಕಾರಣ. ಮೂರೇ ಸಾಲು. ಹೊದಿಕೆಯ ಮೂಲೆಗೆ ಮೂಲೆ ಕೂಡಿಸಿದಷ್ಟು ಅಚ್ಚುಕಟ್ಟಾಗಿತ್ತು.

ಹಾಯಿಯಲ್ಲಿ ಏನಾದರೂ ದೋಷವಿತ್ತೇ ಎಂದು ಕೇಳಿದರು. ಇರಲಿಲ್ಲ ಎಂದ. ಅದು ನಿಜ. ಪರೀಕ್ಷೆ ಮಾಡಿದ್ದಿರಾ? ಮಾಡಿದ್ದೆ. ನಿಜ. ನಲವತ್ತು ಡಿಗ್ರಿಗೆ ಹೋಗಿತ್ತೇ? ಹೋಗಿತ್ತು ಎಂದ, ಅದೂ, ಒಂದು ಬಗೆಯಲ್ಲಿ, ನಿಜ. ಚುಕ್ಕಾಣಿ ಹಿಡಿದು ಗಾಳಿಗೆ ಇನ್ನೂ ಒಂದು ಕೂದಲು, ಇನ್ನೂ ಒಂದು ಕೂದಲು ಎಂದು ಒತ್ತುತ್ತಾ ಹೋದರೆ ಹಾಯಿಯ ಮುಂದಿನ ಅಂಚು ಮೊದಲು ನಡುಗತೊಡಗುತ್ತದೆ. ಆಗ ಅಲ್ಲೇ ನಿಲ್ಲಿಸಿದವನು ದಾಟುತ್ತಾನೆ. ಅವನು ನಿಜದ ಎದುರು ಹಾಗೆ ನಿಂತಿದ್ದ. ಎಲ್ಲೂ ತಾಗಿರಲಿಲ್ಲ. ಗುಮಾಸ್ತ ಬರೆದುಕೊಂಡ. ಅಧಿಕಾರಿ ಖಾನೆ ತೆರೆದು ಮುಚ್ಚಿ, ಆಯಿತು, ಹೊರಡಬಹುದು ಎಂದರು. ಅವನು ಎದ್ದ. ಎದೆಯಲ್ಲಿ, ಒಪ್ಪಿಕೊಳ್ಳಬೇಕು, ಬೆಚ್ಚಗಿನ ಒಂದು ಸಮಾಧಾನವೇ ಇತ್ತು. ಬಾಗಿಲಿನ ಹತ್ತಿರ ಸಿಸ್ಟರಮ್ಮ ಎದ್ದು ನಿಂತರು.

"ಅಣ್ಣಾ," ಎಂದರು. "ಎಷ್ಟು ಚೆನ್ನಾಗಿ ಹೊಲಿದು ಕೊಟ್ಟಿದ್ರಿ. ಹಾಳು ಮಾಡಿಬಿಟ್ಟೆ. ನಿಮ್ಮನ್ನ ಇಲ್ಲಿವರೆಗೆ ಎಳೆಯೋ ಹಾಗೂ ಆಯ್ತು. ಮನಸ್ಸಿಗೆ ಹಚ್ಕೋಬೇಡಿ."

ಅವನು ಮೊಗಸಾಲೆಗೆ ಬಂದ. ಹೊರಬಾಗಿಲಿನವರೆಗೂ ನಡೆದ. ಹೊರಗೆ ಕಡಲು ಬೆಳಿಗ್ಗೆ ಬಿಟ್ಟ ಹಾಗೆಯೇ ಬಿದ್ದಿತ್ತು, ಯಾವ ಕಡೆಗೂ ಹೋಗದೆ. ನಲವತ್ತು ವರ್ಷ ಅವನು ದೇವರಲ್ಲಿ ಕೇಳಿದ್ದು ಒಂದೇ: ನನ್ನ ಹೊಲಿಗೆ ಬಿಚ್ಚದಿರಲಿ. ಕೊಟ್ಟಿದ್ದ. ಬಂಡೆಗೆ ಬಡಿದರೂ ಬಿಚ್ಚಿರಲಿಲ್ಲ. ಈಗ ಆ ಹೊಲಿಗೆಯ ಒಳಗೆ ತಾನೇ ಸಿಕ್ಕಿಕೊಂಡು, ಯಾವ ಮೂಲೆಯಲ್ಲೂ ಒಂದು ಎಳೆ ಸಡಿಲವಿಲ್ಲದೆ, ಉಸಿರಿಗೆ ಜಾಗ ಹುಡುಕುತ್ತಿದ್ದ. ಮನಸ್ಸಿಗೆ ಹಚ್ಕೋಬೇಡಿ. ಅವರು ತನ್ನನ್ನು ಕ್ಷಮೆ ಕೇಳಿದ್ದರು. ಅವನಿಗೆ ಅಳು ಬರಲಿಲ್ಲ, ಭಯವಾಯಿತು; ಇನ್ನೊಂದು ಹೆಜ್ಜೆ ಹೊರಗಿಟ್ಟರೆ ಸಾಯುವ ತನಕ ಹೊರಗೇ ಇರಬೇಕಾಗುತ್ತದೆ ಎಂದು, ಚಿಕ್ಕಂದಿನಲ್ಲಿ ಮನೆಯ ಬಾಗಿಲು ಹಾಕಿದ ಸದ್ದಿಗೆ ಆಗುತ್ತಿದ್ದಂಥ ಭಯ.

ಅವನು ತಿರುಗಿ ಬಂದಾಗ ಗುಮಾಸ್ತ ಕಡತ ಕಟ್ಟುತ್ತಿದ್ದ. ಏನಾದರೂ ಮರೆತಿರಾ ಎಂದರು ಅಧಿಕಾರಿ.

"ಅವತ್ತು ನೀರು ಇಳೀತಿತ್ತು ಸಾರ್," ಎಂದ ಅವನು. ಸ್ವರ ತನ್ನದಲ್ಲವೆನಿಸಿತು, ಕೂತುಕೊಳ್ಳದೆ, ಮೇಜಿನ ಅಂಚನ್ನು ನೋಡುತ್ತ ಹೇಳಿದ. "ಪರೀಕ್ಷೆ ದಿನ. ಇಳಿತದ ನೀರು ಗಾಳಿ ಕಡೆಗೇ ಓಡ್ತಿತ್ತು. ದೋಣೀನ ಅದು ಹೊತ್ಕೊಂಡು ಹೋಯ್ತು. ನನ್ನ ಹಾಯಿ ಅಲ್ಲ. ಆ ಹೊತ್ತನ್ನ ನಾನು ನೋಡೀನೇ ಆರಿಸಿದ್ದೆ."

ಅಧಿಕಾರಿ ಮೂಗು ಒರೆಸಲೆಂದು ತೆರೆದ ಖಾನೆ ಹಾಗೆಯೇ ಉಳಿಯಿತು. ಯಾಕೆ ಎಂದು ಕೇಳಿದರು.

"ದೊಡ್ಡೋನು ಅನ್ನಿಸ್ಕೊಳ್ಳೋಕೆ."

"ನೀರಿನ ಸಹಾಯ ಇಲ್ದೆ ಎಷ್ಟು?"

"ಐವತ್ತೈದು. ಪಕ್ಕಕ್ಕೆ ಜಾರೋದೂ ಸೇರಿ. ದೋಣಿ ಒಡೆದ ದಿನದಂಥ ಅಲೆ ಇದ್ರೆ ಅರವತ್ತರ ಮೇಲೆ. ತಳ ಅಗಲದ ದೋಣಿ ಅದು."

ಅಧಿಕಾರಿ ನಕ್ಷೆ ತರಿಸಿ ಮೇಜಿನ ಮೇಲೆ ಹರಡಿದರು. ಅಳತೆಪಟ್ಟಿ ಇಟ್ಟು, ದೋಣಿ ಓರೆ ಹಿಡಿದ ಜಾಗದಿಂದ ಪೆನ್ಸಿಲಿನಲ್ಲಿ ಅರವತ್ತರ ಗೆರೆ ಎಳೆಯುತ್ತ ಹೋದರು. ಗೆರೆ ಮೂಗಿಗೆ ಒಂದು ಬೆರಳು ಇರುವಾಗಲೇ ನೆಲಕ್ಕೆ ಹತ್ತಿತು. ಮತ್ತೆ ಐವತ್ತೈದರದ್ದು ಎಳೆದರು. ಅದು ಸರಿಯಾಗಿ ಬಂಡೆಗೇ ಬಂತು, ಗುಂಡುಪಿನ್ನು ಚುಚ್ಚಿದ್ದ ತೂತಿಗೆ. ಕೋಣೆಯಲ್ಲಿ ಪೆನ್ಸಿಲು ಕೆಳಗಿಟ್ಟ ಸದ್ದು ಕೇಳಿಸಿತು.

"ದಾಟೋದೇ ಇಲ್ಲ," ಎಂದರು.

"ದಾಟಲ್ಲ ಸಾರ್. ಚುಕ್ಕಾಣಿ ಯಾರ ಕೈಲಿದ್ರೂ ದಾಟಲ್ಲ. ಇವರು ಹಿಡಿದದ್ದಕ್ಕೆ ಅಲ್ಲೀತನಕ ಬಂದಿದೆ. ಬೇರೆಯವರಾಗಿದ್ರೆ ಮೊದಲೇ ಹೋಗಿರೋದು."

ಸಿಸ್ಟರಮ್ಮ ಗೋಡೆಯ ಬದಿಯ ಕುರ್ಚಿಯಿಂದ ನಕ್ಷೆಯನ್ನು ನೋಡುತ್ತಿದ್ದರು. ಅವನು ಕಾಯುತ್ತಿದ್ದದ್ದು ಏನನ್ನು ಎಂದು ಅವನಿಗೇ ತಿಳಿದಿರಲಿಲ್ಲ. ಬೈಗುಳ, ಅಳು, ಯಾವುದಾದರೂ ಆಗುತ್ತಿತ್ತು.

"ನಾನು ಕೇಳಿದ್ದೆ," ಎಂದರು ಕೊನೆಗೆ.

"ಕೇಳಿದ್ರಿ."

"ನಿಮಗೆ ಗೊತ್ತಿತ್ತು."

"ಗೊತ್ತಿತ್ತು ತಾಯಿ."

ಅವರು ತಲೆಯಾಡಿಸಿದರು, ರೋಗಿಯೊಬ್ಬಳು ಎಲ್ಲಿ ನೋವೆಂದು ತೋರಿಸಿದಾಗ ಆಡಿಸುವ ಹಾಗೆ. ಆಮೇಲೆ ಅವನಿಗಲ್ಲ, ಅಧಿಕಾರಿಗೂ ಅಲ್ಲ, ಮೇಜಿನ ಮೇಲಿನ ಆ ಎರಡು ಗೆರೆಗೆ ಹೇಳುವವರಂತೆ ಹೇಳಿದರು. ಅಂದು ಚುಕ್ಕಾಣಿ ಒಳಗಿನಿಂದ ಬೇಡ ಬೇಡ ಎನ್ನುತ್ತಿತ್ತು. ಅಂಗೈಗೆ ಗೊತ್ತಾಗುತ್ತಿತ್ತು. ಹೊರಕ್ಕೆ ತಿರುಗಿಸೋಣ ಎಂದು ಎರಡು ಸಲ ಹೇಳಿದ್ದೆ. ದಬ್ಬಳಣ್ಣ ಅಳೆದು ತೋರಿಸಿದ್ದಾರೆ, ಹೋಗೇ ಹೋಗುತ್ತೆ ಎಂದರು ನಮ್ಮ ಮನೆಯವರು. ಮೂರನೇ ಸಲ ಹೇಳಿದಾಗ ರೇಗಿದರು. ಮೂವತ್ತು ವರ್ಷದಲ್ಲಿ ರೇಗಿದವರಲ್ಲ.

"ನೆಟ್ಟಗೆ ಹಿಡಿಯೋಕೂ ಬರಲ್ವಾ ನಿನಗೆ, ಅಂದ್ರು," ಎಂದರು. "ಅಂದು ಮುಂದಕ್ಕೆ ಓಡಿದ್ರು. ಅದೇ ಕೊನೆ ಮಾತು."

ಗುಮಾಸ್ತ ಬರೆಯುವುದನ್ನು ನಿಲ್ಲಿಸಿದ್ದ. ಅವನು, ಹಾಯಿ ಹೊಲಿಯುವವನು, ಅಲ್ಲಿ ನಿಂತೇ ಇದ್ದ. ಆ ಮಾತನ್ನು ಮೇಷ್ಟರ ಬಾಯಲ್ಲಿ ಇಟ್ಟವನು ತಾನು. ಅ‌ದನ್ನು ಅಲ್ಲಿಂದ ತೆಗೆಯುವ ದಾರಿ ಈ ಲೋಕದಲ್ಲಿ ಇಲ್ಲ. ಇಷ್ಟು ಹೇಳಿದ ಮೇಲೆ ಹಗುರವಾಗುತ್ತದೆ ಎಂದುಕೊಂಡಿದ್ದ. ಆಗಲಿಲ್ಲ. ಭಾರ ಇದ್ದಲ್ಲೇ ಇತ್ತು, ಇಷ್ಟು ದಿನ ಬೇರೆಯವರು ಹೊತ್ತಿದ್ದರು, ಈಗ ಅದು ತನ್ನದಾಗಿತ್ತು, ಅಷ್ಟೇ. ಕ್ಷಮಿಸಿ ಎಂಬ ಮಾತು ನಾಲಿಗೆಯವರೆಗೆ ಬಂದು, ಅದೂ ಏನನ್ನೋ ಕೇಳುವ ಮಾತೇ ಎಂದು ತಿಳಿದು, ಹಿಂದಕ್ಕೆ ಹೋಯಿತು.

ಅಧಿಕಾರಿ ಕಡತವನ್ನು ತಮ್ಮ ಕಡೆಗೆ ಎಳೆದುಕೊಂಡರು. ದಾರ ಬಿಚ್ಚಿದರು. ಮೇಲಿನ ಹಾಳೆಯ ಮೂಲೆಯಲ್ಲಿದ್ದ ಪಿನ್ನನ್ನು ಉಗುರಿನಿಂದ ಎಬ್ಬಿಸಿ, ಹಾಳೆ ಹರಿಯದಂತೆ ನಿಧಾನವಾಗಿ ತೆಗೆದರು. ಸಹಿಯ ಶಾಯಿ ಇನ್ನೂ ಕಪ್ಪಗೆ ಹೊಳೆಯುತ್ತಿತ್ತು. ಅವರು ಎದ್ದು, ಮೇಜನ್ನು ಬಳಸಿಕೊಂಡು ಗೋಡೆಯ ಬದಿಯ ಕುರ್ಚಿಯವರೆಗೆ ನಡೆದು, ಆ ಮೂರು ಸಾಲಿನ ಹಾಳೆಯನ್ನು ಸಿಸ್ಟರಮ್ಮನ ಕೈಗೆ ಕೊಟ್ಟರು.